ದಿಬ್ಬದ ನಡುವೆ ಒಂದು ಬಿಂದು

ಫೆಬ್ರವರಿ 3, ಸೋಮವಾರ

ಇವತ್ತು ಸಂಜೆ ನಮ್ಮ ಮನೆಯ ಗೇಟಿನ ಕಂಬ ಬಂದು ಕಾರಿಗೆ ಗುದ್ದಿತು. ಇದು ನನ್ನ ಹೆಂಡತಿಯ ಅಧಿಕೃತ ಹೇಳಿಕೆ. ಕಂಬ ಹಾಗೆಲ್ಲ ಓಡಾಡುವ ಪೈಕಿ ಅಲ್ಲ, ಮನೆ ಕಟ್ಟಿದಾಗಿನಿಂದ ನಿಂತಲ್ಲೇ ನಿಂತಿದೆ ಎಂದು ನಾನು ವಿನಯದಿಂದ ನೆನಪಿಸಿದೆ.

“ಅದು ಇರೋ ಜಾಗಾನೇ ಸರಿ ಇಲ್ಲ ರೀ.”

“ಇಷ್ಟು ವರ್ಷ ಸರಿ ಇತ್ತಲ್ಲ?”

“ಇಷ್ಟು ವರ್ಷ ನಾನು ಹೊಂದ್ಕೊಂಡು ಹೋಗ್ತಿದ್ದೆ. ಕಂಬದ ಜೊತೆಗೂ, ನಿಮ್ಮ ಜೊತೆಗೂ.”

ಕಾರಿನ ಪಕ್ಕೆಯಲ್ಲಿ ಮುಂದಿನ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಒಂದೇ ಗೀರು. ಕಂಬದ ಮೇಲೆ ಕಾರಿನ ಹಸಿರು ಬಣ್ಣ. ಪೇಂಟರನ್ನು ಕರೆಸಿ ಕಂಬಕ್ಕೆ ಸುಣ್ಣ ಬಳಿಸೋಣ ಎಂದಳು. ಬೇಡ ಎಂದೆ. ಸಾಕ್ಷ್ಯ ಹಾಗೇ ಇರಲಿ.

ಇದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಒಂದು ಸತ್ಯ ಬರೆದಿಡುತ್ತೇನೆ. ಕಾರು ಓಡಿಸುವ ವಿಷಯದಲ್ಲಿ ನನಗಿರುವಷ್ಟು ತಿಳಿವಳಿಕೆ ಈ ಊರಿನಲ್ಲಿ ಇನ್ನೊಬ್ಬರಿಗಿಲ್ಲ. ಓಡಿಸಲು ಬರುವುದಿಲ್ಲ, ಅಷ್ಟೇ. ಮದುವೆಯಾದಾಗಿನಿಂದ ಆಕೆಯ ಪಕ್ಕದ ಸೀಟಿನಲ್ಲಿ ಕುಳಿತು, ಬಲಗಾಲಿನಿಂದ ನೆಲದ ಮ್ಯಾಟನ್ನು ಒತ್ತಿ ಒತ್ತಿ, ಇಲ್ಲದ ಬ್ರೇಕನ್ನು ಹಾಕಿ, ಇಬ್ಬರ ಪ್ರಾಣವನ್ನೂ ಉಳಿಸಿಕೊಂಡು ಬಂದಿದ್ದೇನೆ. ಮ್ಯಾಟಿನಲ್ಲಿ ಆ ಜಾಗ ಸವೆದು ಕುಳಿ ಬಿದ್ದಿದೆ. ಕೃತಜ್ಞತೆ ಮಾತ್ರ ಸೊನ್ನೆ.

ಫೆಬ್ರವರಿ 6, ಗುರುವಾರ

ಕಾಲೇಜಿನಲ್ಲಿ ಇವತ್ತು ಮಧ್ಯಂತರ ಮೌಲ್ಯ ಪ್ರಮೇಯ. ಕಲನಶಾಸ್ತ್ರದ ಇಡೀ ವರ್ಷದಲ್ಲಿ ಈ ಒಂದು ಪಾಠಕ್ಕೆ ಮಾತ್ರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತೇನೆ. ಅವಿಚ್ಛಿನ್ನ ಫಲನವೆಂದರೆ ಪೆನ್ನು ಎತ್ತದೆ ಎಳೆಯಬಹುದಾದ ಗೆರೆ. ಅಂಥ ಗೆರೆ ಒಂದು ಕಡೆ ಸೊನ್ನೆಗಿಂತ ಕೆಳಗಿದ್ದು ಇನ್ನೊಂದು ಕಡೆ ಸೊನ್ನೆಗಿಂತ ಮೇಲಿದ್ದರೆ, ನಡುವೆ ಎಲ್ಲೋ ಒಂದು ಕಡೆ ಸೊನ್ನೆಯನ್ನು ಮುಟ್ಟಿಯೇ ಹೋಗಿರಬೇಕು. ಹಾರಿಕೊಂಡು ದಾಟುವುದು ಅದಕ್ಕೆ ಬರುವುದಿಲ್ಲ. ಎಲ್ಲಿ ಮುಟ್ಟಿತು ಎಂದು ಪ್ರಮೇಯ ಹೇಳುವುದಿಲ್ಲ. ಮುಟ್ಟಿದೆ ಎಂದು ಆಣೆ ಮಾಡಿ ಹೇಳುತ್ತದೆ.

ಹಿಂದಿನ ಬೆಂಚಿನವನೊಬ್ಬ ಆಕಳಿಸಿದ. ಮುಚ್ಚಿದ ಬಾಯಿ ಪೂರ್ತಿ ತೆರೆದುಕೊಳ್ಳುವ ಮೊದಲು ನಡುವಿನ ಅಷ್ಟೂ ಅಗಲಗಳನ್ನು ದಾಟಿ ಹೋದದ್ದನ್ನು ತರಗತಿಗೆ ತೋರಿಸಿದೆ. ಉದಾಹರಣೆ ಅವನಿಗೆ ಹಿಡಿಸಲಿಲ್ಲ.

ಸಂಜೆ ಕಾಫಿ ಕುಡಿಯುತ್ತ ಹೆಂಡತಿಗೂ ಇದನ್ನು ವಿವರಿಸಿದೆ. ಆಕೆ ಊರಾಚೆಯ ದಿಬ್ಬದ ಮೇಲೆ ಗಿಡಗಳ ನರ್ಸರಿ ನಡೆಸುವವಳು. ಬೇರು, ಗೊಬ್ಬರ, ಕುಂಡ ಬಿಟ್ಟರೆ ಅಮೂರ್ತ ವಿಷಯಗಳಲ್ಲಿ ಅಭಿರುಚಿ ಕಡಿಮೆ.

“ಇದೆ ಅಂತ ಹೇಳುತ್ತೆ, ಎಲ್ಲಿದೆ ಅಂತ ಹೇಳಲ್ಲ. ಅದಕ್ಕೆ ಪ್ರಮೇಯ ಬೇರೆ ಯಾಕೆ? ನೀವೇ ಸಾಕಲ್ಲ. ‘ಕನ್ನಡಕ ಮನೇಲೇ ಎಲ್ಲೋ ಇದೆ ಕಣೇ’ ಅಂತ ದಿನಾ ಕೂತಲ್ಲಿಂದ ಹೇಳ್ತೀರಿ. ಹುಡುಕೋಳು ನಾನು.”

ಆಮೇಲೆ ಬೀಜದ ಪ್ಯಾಕೆಟ್ ಎತ್ತಿ ಹಿಡಿದು, ಇದರ ಮೇಲಿನ ಗೆರೆಗಳು ನಡುವೆ ಸೊಟ್ಟಗಿವೆ ಎಂದಳು. ಈಗಿನ ಕಾಲದ ಮುದ್ರಣವೇ ಅಷ್ಟು ಎಂದೆ.

ಫೆಬ್ರವರಿ 14, ಶುಕ್ರವಾರ

ಮುದ್ರಣ ಸರಿಯಾಗಿದೆ.

ಕಣ್ಣಿನ ಡಾಕ್ಟರು ಚೌಕುಳಿ ಚೌಕುಳಿ ಗೆರೆ ಎಳೆದ ಹಾಳೆ ತೋರಿಸಿದರು. ಹೆಂಡತಿ ಎಡಗಣ್ಣಿನಿಂದ ನೋಡಿ, ನಡುವೆ ಗೆರೆಗಳು ಬಾಗಿವೆ, ಒಂದು ಕಡೆ ಇಲ್ಲವೇ ಇಲ್ಲ ಎಂದಳು. ಅಕ್ಷಿಪಟಲದ ನಡುವಿನ ಜಾಗ ಕೆಟ್ಟಿದೆಯಂತೆ. ಕಣ್ಣೊಳಗೆ ಇಂಜೆಕ್ಷನ್ ಚುಚ್ಚಬೇಕಂತೆ, ತಿಂಗಳಿಗೊಂದು. ಬಲಗಣ್ಣಿನಲ್ಲೂ ಈಗಷ್ಟೇ ಶುರುವಾಗಿದೆಯಂತೆ. ಕಾರು ಓಡಿಸುವಂತಿಲ್ಲ.

“ಎಷ್ಟು ದಿನ?” ಎಂದು ಆಕೆ ಕೇಳಿದಳು.

ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು. ಅದು ಉತ್ತರ.

ಹಾಗಾದರೆ ಗುದ್ದಿದ್ದು ಕಂಬವಲ್ಲ ಎಂಬ ನನ್ನ ವಾದಕ್ಕೆ ವೈದ್ಯಕೀಯ ಆಧಾರ ಸಿಕ್ಕಂತಾಯಿತು. ಗೆದ್ದ ಮೇಲೆ ಆಗಬೇಕಾದಷ್ಟು ಖುಷಿ ಆಗಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನ ಕಾಫಿ ಸರಿಯಿರಲಿಲ್ಲ, ಅದಕ್ಕಿರಬಹುದು.

ಫೆಬ್ರವರಿ 17, ಸೋಮವಾರ

ಟ್ಯಾಕ್ಸಿಯವನನ್ನು ಕರೆಸಿದೆವು. ಗೊಬ್ಬರದ ಮೂಟೆ ನೋಡಿ ಮೂಗು ಮುಚ್ಚಿಕೊಂಡ. ಆದರೂ ಒಪ್ಪಿದ. ದಾರಿಯುದ್ದಕ್ಕೂ ಆಕೆ ಅವನಿಗೆ ಎಲ್ಲಿ ಗೇರು ಬದಲಿಸಬೇಕು ಎಂದು ಹೇಳಿಕೊಟ್ಟಳು. ದಿಬ್ಬದ ಬುಡದಲ್ಲಿ ಗಾಡಿ ನಿಲ್ಲಿಸಿ, “ಅಮ್ಮಾ, ಇಲ್ಲಿಂದ ಮೇಲಕ್ಕೆ ನೀವೇ ಓಡಿಸ್ಕೊಳ್ಳಿ, ನಾನು ಇಳಿದು ನಡ್ಕೊಂಡ್ ಹೋಗ್ತೀನಿ,” ಎಂದ. ಅಲ್ಲಿಗೆ ಟ್ಯಾಕ್ಸಿ ಅಧ್ಯಾಯ ಮುಗಿಯಿತು.

ಸಂಜೆ ಆಕೆಯ ತಮ್ಮ ಬಂದ. ಹಲ್ಲಿನ ಡಾಕ್ಟರು. ಯಾವ ಕೆಟ್ಟ ಸುದ್ದಿಯನ್ನೂ ‘ಸ್ವಲ್ಪ ಚುರ್ ಅನ್ನುತ್ತೆ ಅಷ್ಟೇ’ ಎನ್ನುವ ದನಿಯಲ್ಲೇ ಹೇಳುತ್ತಾನೆ.

“ಅಕ್ಕಾ, ನಮ್ಮನೆಯಿಂದ ಕಣ್ಣಾಸ್ಪತ್ರೆ ಕೂಗಳತೆ ದೂರ. ಅಲ್ಲೇ ಬಂದು ಇದ್ದುಬಿಡು. ನರ್ಸರಿ ಯಾರಿಗಾದ್ರೂ ವಹಿಸಿಕೊಟ್ರಾಯ್ತು, ನನ್ನ ಕೈಲಿ ಜನ ಇದ್ದಾರೆ.”

“ಎಷ್ಟು ದಿನ ಅಂತ ಬಂದು ಕೂರಲಿ?”

“ಅದೆಲ್ಲ ಆಮೇಲೆ ನೋಡ್ಕೊಳ್ಳೋಣ.”

ಆಕೆ ಉಗುರಿನ ಮಣ್ಣು ಕೆರೆಯುತ್ತ ಕುಳಿತಿದ್ದಳು. ಆ ನರ್ಸರಿಯನ್ನು ಬರೀ ಬಂಡೆ ಇದ್ದ ಜಾಗದಲ್ಲಿ ಕೈಯಾರೆ ಎಬ್ಬಿಸಿದವಳು. “ಗುಲಾಬಿ ಕಡ್ಡಿ ಈಗಷ್ಟೇ ನೆಟ್ಟಿದ್ದೀನಿ ಕಣೋ. ಅವು ಬೇರು ಬಿಡಲಿ, ಆಮೇಲೆ ಹೇಳ್ತೀನಿ,” ಎಂದಳು. ಅಲ್ಲಿಯವರೆಗೆ ಗೊಬ್ಬರದ ಲಾರಿಯಲ್ಲಿ ಹೋಗಿ ಬರುತ್ತಾಳಂತೆ.

ಆಗ ನನ್ನ ಬಾಯಿಂದ ಒಂದು ಮಾತು ಬಂತು. “ನಾನು ಕಲೀತೀನಿ.”

“ಏನನ್ನ, ಭಾವ?”

“ಕಾರು.”

ಭಾವಮೈದುನ ನಕ್ಕ. ಅವನ ವೃತ್ತಿಗೆ ತಕ್ಕಂತೆ ಎಲ್ಲ ಹಲ್ಲುಗಳೂ ಕಾಣುವಂತೆ ನಕ್ಕ. “ನೀವಾ? ಹಾಗಿದ್ರೆ ಆಟೊಮ್ಯಾಟಿಕ್ ಗಾಡಿ ತಗೊಳ್ಳಿ ಭಾವ, ಕ್ಲಚ್ಚೇ ಇರಲ್ಲ, ಮಕ್ಕಳೂ ಓಡಿಸ್ತಾರೆ.”

ಬೇಡ ಎಂದೆ. ಲೆಕ್ಕವನ್ನು ಬೇರೆ ಯಾರೋ ಮಾಡಿಟ್ಟು ಉತ್ತರ ಮಾತ್ರ ಕೊಡುವ ಯಂತ್ರ ನನಗೆ ಬೇಡ. ಅಲ್ಲದೆ ಆಕೆಗೆ ಈ ಹಸಿರು ಕಾರೇ ಆಗಬೇಕು. ಅದು ಬೇರೆ ವಿಷಯ.

ಫೆಬ್ರವರಿ 25, ಮಂಗಳವಾರ

ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ನನಗೆ ಸಿಕ್ಕಿದ ಗುರುಗಳು ವಯಸ್ಸಿನಲ್ಲಿ ನನ್ನ ಅರ್ಧ, ಆತ್ಮವಿಶ್ವಾಸದಲ್ಲಿ ನನ್ನ ಎರಡರಷ್ಟು. ಅವರ ಕಾಲ ಬಳಿಯೂ ಒಂದು ಬ್ರೇಕ್ ಇದೆ, ನಿಜವಾದದ್ದು. ಹೊಟ್ಟೆಕಿಚ್ಚಾಯಿತು. ನಾನು ವರ್ಷಗಟ್ಟಲೆ ಕನಸಿನಲ್ಲಿ ಕಂಡ ಸವಲತ್ತನ್ನು ಈ ಮನುಷ್ಯ ಸಂಬಳ ತೆಗೆದುಕೊಂಡು ಅನುಭವಿಸುತ್ತಿದ್ದಾನೆ.

ಪಾಠವೆಲ್ಲ ಒಂದೇ ಸೂತ್ರದಲ್ಲಿದೆ: “ಫೀಲ್ ಮಾಡಿ ಸಾರ್.” ಎಷ್ಟು ಒತ್ತಬೇಕು? ಫೀಲ್ ಮಾಡಿ. ಯಾವಾಗ ಬಿಡಬೇಕು? ಫೀಲ್ ಮಾಡಿ. ಉಳಿದ ಹೊತ್ತು ಫೋನಿನಲ್ಲಿ ಹಾಸಿಗೆ ಅಂಗಡಿಯವನ ಜೊತೆ ಜಗಳ. ಮೊದಲು ಕೊಂಡ ಹಾಸಿಗೆ ಕಲ್ಲಿನ ಹಾಗೆ ಗಟ್ಟಿಯಂತೆ, ಬದಲಾಯಿಸಿ ತಂದದ್ದು ಕೆಸರಿನ ಹಾಗೆ ಮೆತ್ತಗಂತೆ.

“ಚಿಂತೆ ಬೇಡ,” ಎಂದು ಸಮಾಧಾನ ಹೇಳಿದೆ. “ಒಂದು ಗಟ್ಟಿ, ಒಂದು ಮೆತ್ತಗೆ. ನಡುವೆ ನಿಮಗೆ ಸರಿಹೋಗೋದು ಒಂದು ಇದ್ದೇ ಇರಬೇಕು.”

“ಇಲ್ಲ ಸಾರ್. ಎರಡೇ ಮಾಡೆಲ್ ಅಂತೆ.”

ಅವಿಚ್ಛಿನ್ನತೆಯೇ ಇಲ್ಲದ ಅಂಗಡಿಯಲ್ಲಿ ಪ್ರಮೇಯವಾದರೂ ಏನು ಮಾಡೀತು?

ಮಾರ್ಚ್ 4, ಮಂಗಳವಾರ

ಇವತ್ತಿನ ದಿನ ನನ್ನ ಬದುಕಿನಲ್ಲಿ ದಪ್ಪಕ್ಷರದಲ್ಲಿ ಬರೆದಿಡಬೇಕಾದದ್ದು.

ಗುರುಗಳು ನನ್ನನ್ನು ಒಂದು ದಿಬ್ಬಕ್ಕೆ ಕರೆದೊಯ್ದರು. ಅರ್ಧ ಏರಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಇಳಿಸಿ ಎಂದರು. “ಸಾರ್, ಈಗ ಹಾಫ್ ಕ್ಲಚ್. ಪೆಡಲ್ ಪೂರ್ತಿ ಒತ್ತಿದ್ರೆ ಗಾಡಿ ಹಿಂದಕ್ಕೆ ಜಾರುತ್ತೆ. ಪೂರ್ತಿ ಬಿಟ್ರೆ ಮುಂದಕ್ಕೆ ನೆಗೆಯುತ್ತೆ. ನಡುವೆ ಒಂದು ಪಾಯಿಂಟ್ ಇದೆ. ಅಲ್ಲಿ ಹಿಡಿದ್ರೆ ಬ್ರೇಕೇ ಬೇಡ, ಗಾಡಿ ನಿಂತಲ್ಲೇ ನಿಲ್ಲುತ್ತೆ. ಫೀಲ್—”

“ತಡೀರಿ,” ಎಂದೆ.

ಒಂದು ಕಡೆ ವೇಗ ಸೊನ್ನೆಗಿಂತ ಕಡಿಮೆ. ಇನ್ನೊಂದು ಕಡೆ ಸೊನ್ನೆಗಿಂತ ಹೆಚ್ಚು. ನಡುವೆ ಸೊನ್ನೆ! ಇಷ್ಟು ವರ್ಷ ಸೀಮೆಸುಣ್ಣದಲ್ಲಿ ಎಳೆದ ಗೆರೆ ನನ್ನ ಎಡಗಾಲಿನ ಕೆಳಗೆ ಬಂದು ಮಲಗಿತ್ತು. ಗುರುಗಳಿಗೆ ಪ್ರಮೇಯದ ಇಡೀ ಸಾಧನೆಯನ್ನು ಬಿಡಿಸಿ ಹೇಳಿದೆ. ಅಂಥ ಬಿಂದು ಇದೆ ಎಂಬುದರಲ್ಲಿ ಇನ್ನು ಅವರು ಎಳ್ಳಷ್ಟೂ ಅನುಮಾನ ಇಟ್ಟುಕೊಳ್ಳಬೇಕಾಗಿಲ್ಲ ಎಂದೆ.

“ನಂಗೆ ಅನುಮಾನ ಇರ್ಲಿಲ್ಲ ಸಾರ್,” ಎಂದರು ಅವರು. “ಈಗ ಬ್ರೇಕ್ ಬಿಡಿ.”

ಬಿಟ್ಟೆ. ಕಾರು ಹಿಂದಕ್ಕೆ ಹೋಯಿತು. ಆಮೇಲೆ ಮುಂದಕ್ಕೆ ನೆಗೆದು ಕೆಮ್ಮಿ ಸತ್ತಿತು. ಬಿಂದು ಇದೆ. ನಾನು ಅದನ್ನು ದಾಟಿಯೂ ಇದ್ದೇನೆ. ಭೇಟಿ ಆಗಿಲ್ಲ, ಅಷ್ಟೇ.

ಮಾರ್ಚ್ 12, ಬುಧವಾರ

ಎಂಜಿನ್ ಆಫ್. ಮತ್ತೆ ಆಫ್. ಹಿಂದಿನ ಗಾಡಿಯವನ ಬೈಗುಳ. ಮತ್ತೆ ಆಫ್.

ಮನೆಯಲ್ಲಿ ಆಕೆ ಕೇಳಿದಳು, “ಹೇಗಾಯ್ತು?”

“ತಾತ್ತ್ವಿಕವಾಗಿ ಚೆನ್ನಾಗಾಯ್ತು.”

ಆಕೆ ಗೊಬ್ಬರದ ಲಾರಿಯಲ್ಲಿ ಹೋಗಿ ಬಂದಿದ್ದಳು. ಇಡೀ ಮನೆ ವಾಸನೆ. ಸಾಮಾನ್ಯವಾಗಿ ಇದರ ಬಗ್ಗೆ ಎರಡು ಪುಟ ಬರೆಯುತ್ತಿದ್ದೆ.

ಮಾರ್ಚ್ 20, ಗುರುವಾರ

ಎರಡನೆಯ ಇಂಜೆಕ್ಷನ್. ಬಸ್ಸಿನಲ್ಲಿ ಹೋದೆವು. ಬರೆಯುವಂಥದ್ದು ಏನೂ ಇಲ್ಲ. ಇಳಿಯುವಾಗ ಮೆಟ್ಟಿಲು ಎಲ್ಲಿದೆ ಎಂದು ತಿಳಿಯದೆ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಇಳಿದ ಮೇಲೂ ಬಿಡಲಿಲ್ಲ. ಅಂಗಿ ಇಸ್ತ್ರಿ ಮಾಡಿದ್ದು, ಸುಕ್ಕಾಯಿತು.

ಮಾರ್ಚ್ 27, ಗುರುವಾರ

ಲೈಸೆನ್ಸ್ ಪರೀಕ್ಷೆ. ಇಷ್ಟು ವರ್ಷ ಪರೀಕ್ಷೆ ಮಾಡಿದವನು ಪರೀಕ್ಷೆಗೆ ಕುಳಿತೆ.

ಪರೀಕ್ಷಾಧಿಕಾರಿ ಒಬ್ಬ ಮಿತಭಾಷಿ ಹೆಂಗಸು. ನೇರ ರಸ್ತೆ ಆಯಿತು. ತಿರುವು ಆಯಿತು. ಹಿಂದಕ್ಕೆ ತೆಗೆದು ನಿಲ್ಲಿಸುವುದೂ ಆಯಿತು. ಗೂಟವೊಂದನ್ನು ತಾಕಿತು, ಬೀಳಿಸಲಿಲ್ಲ. ಕೊನೆಗೆ ದಿಬ್ಬ. “ಇಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಹೊರಡಿಸಿ,” ಎಂದರು.

ನಾನು ತಯಾರಾಗಿಯೇ ಹೋಗಿದ್ದೆ. ಎಲ್ಲಿದೆ ಎಂದು ಪ್ರಮೇಯ ಹೇಳದಿದ್ದರೂ, ಹುಡುಕಲು ನಮ್ಮಲ್ಲಿ ಒಂದು ಹಳೆಯ ವಿಧಾನವಿದೆ: ಅರ್ಧ ಮಾಡುತ್ತ ಹೋಗುವುದು. ಪೆಡಲನ್ನು ಸರಿಯಾಗಿ ಅರ್ಧಕ್ಕೆ ಬಿಡು. ಕಾರು ಹಿಂದಕ್ಕೆ ಜಾರಿದರೆ ಬಿಂದು ಮೇಲಿನ ಅರ್ಧದಲ್ಲಿದೆ. ಮುಂದಕ್ಕೆ ಹೋದರೆ ಕೆಳಗಿನ ಅರ್ಧದಲ್ಲಿ. ಸಿಕ್ಕಿದ ಅರ್ಧವನ್ನು ಮತ್ತೆ ಅರ್ಧ ಮಾಡು. ಪ್ರತಿ ಸಲವೂ ಅದು ಅಡಗಿಕೊಳ್ಳುವ ಜಾಗ ಅರ್ಧಕ್ಕೆ ಇಳಿಯುತ್ತದೆ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಅರ್ಧ. ಹಿಂದಕ್ಕೆ ಜಾರಿತು. ಮುಕ್ಕಾಲು. ಮುಂದಕ್ಕೆ ಕುಪ್ಪಳಿಸಿತು. ಅವೆರಡರ ನಡುವೆ. ಹಿಂದಕ್ಕೆ. ಅದರ ಅರ್ಧ. ಮುಂದಕ್ಕೆ. ಹೀಗೆ ಕಾರು ಜೋಕಾಲಿಯಾಗಿ ತೂಗುತ್ತಿರುವಾಗ, ಏನೋ ಸುಟ್ಟ ವಾಸನೆ ಬಂತು. ಅಧಿಕಾರಿ ಗಾಜು ಇಳಿಸಿದರು.

“ಏನ್ ಮಾಡ್ತಾ ಇದ್ದೀರಿ?”

“ಹುಡುಕ್ತಾ ಇದ್ದೀನಿ ಮೇಡಂ.”

“ಏನನ್ನ?”

“ಇದೆ ಅಂತ ಗೊತ್ತಿರೋದನ್ನ.”

ಅವರು ಎರಡು ಕ್ಷಣ ನನ್ನ ಮುಖವನ್ನೇ ನೋಡಿದರು. “ಸಿಕ್ಕಿದ ಮೇಲೆ ಬನ್ನಿ,” ಎಂದು ಇಳಿದು ಹೋದರು.

ಬಾನೆಟ್ಟಿನ ಅಡಿಯಿಂದ ಹೊಗೆ. ಗುರುಗಳು ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿ ಬಂದರು. “ಸಾರ್! ಕ್ಲಚ್ ಪ್ಲೇಟ್ ಸುಟ್ಟಾಕಿದ್ರಲ್ಲ ಸಾರ್! ಫೀಲ್ ಮಾಡಿ ಅಂದಿದ್ದೆ, ಆಪರೇಷನ್ ಮಾಡಿ ಅಂದಿದ್ನಾ?”

ವಿಧಾನದಲ್ಲಿ ತಪ್ಪಿಲ್ಲ. ನಾನು ಅಳೆಯುತ್ತಿರುವಾಗಲೇ ಕ್ಲಚ್ ಕಾದು ಕಾದು ತಾನೇ ಬೇರೆ ಕ್ಲಚ್ ಆಗುತ್ತಿತ್ತು. ಹುಡುಕುವವನ ಕಾಲಿನಡಿಯಲ್ಲೇ ಪ್ರಶ್ನೆ ಬದಲಾಗುತ್ತ ಹೋದರೆ ಗಣಿತಜ್ಞನೇನು ಮಾಡಬೇಕು?

ಮಾರ್ಚ್ 28, ಶುಕ್ರವಾರ

ಸುದ್ದಿ ನನಗಿಂತ ವೇಗವಾಗಿ ಮನೆ ಸೇರಿದೆ. ಭಾವಮೈದುನ ಬಂದ, ಜೊತೆಗೆ ಅಚ್ಚುಕಟ್ಟಾದ ಬೂಟು ತೊಟ್ಟ ಒಬ್ಬ ಮನುಷ್ಯನನ್ನೂ ಕರೆತಂದ. ನರ್ಸರಿ ವಹಿಸಿಕೊಳ್ಳುವವನಂತೆ.

“ಗಿಡಗಳಲ್ಲಿ ಆಸಕ್ತಿಯೋ?” ಎಂದು ಕೇಳಿದೆ.

“ಜಾಗ ಚೆನ್ನಾಗಿದೆ ಸಾರ್. ಮೇಲಿಂದ ನೋಟ ಚೆನ್ನಾಗಿದೆ. ಪ್ಲಾಸ್ಟಿಕ್ ಗಿಡ ಇಟ್ರೆ ನೀರು ಹಾಕೋ ತಾಪತ್ರಯಾನೂ ಇರಲ್ಲ, ಹೋಟೆಲ್‌ನೋರು ಬಂದು ತಗೊಂಡ್ ಹೋಗ್ತಾರೆ.”

ಬೂಟಿನವನು ಹೋದ ಮೇಲೆ ತಮ್ಮ ಅಂದ, “ಅಕ್ಕಾ, ಭಾವನ ಪ್ರಯತ್ನ ಮೆಚ್ಚಬೇಕಾದ್ದೇ. ಆದ್ರೆ ನೀನೇ ನೋಡಿದ್ಯಲ್ಲ. ಈ ತಿಂಗಳ ಕೊನೇಲಿ ಬಂದು ನಿನ್ನ ಸಾಮಾನು ತಗೊಂಡು ಹೋಗ್ತೀನಿ ಅಂತಿದ್ದೆ. ಇನ್ನೊಂದು ತಿಂಗಳು ಬೇಕಾದ್ರೆ ತಗೋ.”

“ಸಾಮಾನು” ಎಂದಾಗ ಅವನ ಕಣ್ಣು ಕಪಾಟಿನ ಕಡೆಗಿತ್ತು. ಅದರಲ್ಲಿ ಅರ್ಧ ನನ್ನದು. ಮನೆಯಲ್ಲಿ ಜಾಗ ಆಗುತ್ತದೆ, ರೇಡಿಯೊ ನನಗೆ ಬೇಕಾದ ಹಾಗೆ ಹಾಕಿಕೊಳ್ಳಬಹುದು, ಕನ್ನಡಕ ಇಟ್ಟಲ್ಲೇ ಇರುತ್ತದೆ. ಲಾಭಗಳನ್ನು ಹೀಗೆ ಬರೆಯುತ್ತ ಹೋದೆ. ಕನ್ನಡಕದ ನಂತರ ಇನ್ನೊಂದು ಹೊಳೆಯಲಿಲ್ಲ.

ಏಪ್ರಿಲ್ 6, ಭಾನುವಾರ

ಡ್ರೈವಿಂಗ್ ಸ್ಕೂಲಿನವರು ನನ್ನನ್ನು ಇನ್ನು ಹತ್ತಿರ ಸೇರಿಸುವುದಿಲ್ಲ ಎಂದಿದ್ದಾರೆ. ಗುರುಗಳು ಮಾತ್ರ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು: ಗಟ್ಟಿ ಹಾಸಿಗೆಯ ಮೇಲೆ ಮೆತ್ತನೆಯದನ್ನು ಹಾಸಿಕೊಂಡಿದ್ದಾರಂತೆ, ಈಗ ಪರವಾಗಿಲ್ಲವಂತೆ. ಪ್ರಮೇಯಕ್ಕೆ ಇಷ್ಟು ಸರಳ ತಿದ್ದುಪಡಿ ಯಾವ ಪುಸ್ತಕದಲ್ಲೂ ಇಲ್ಲ.

ಬೆಳಿಗ್ಗೆ ಹೆಂಡತಿ ಕಾರಿನ ಕೀಲಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

“ಏಳಿ.”

“ನೀನು ಓಡಿಸೋ ಹಾಗಿಲ್ಲ.”

“ನಾನೆಲ್ಲಿ ಓಡಿಸ್ತೀನಿ ಅಂದೆ? ನನ್ನ ಲೈಸೆನ್ಸ್ ಇನ್ನೂ ಜೀವಂತ ಇದೆ. ಪಕ್ಕದಲ್ಲಿ ಕೂತು ಬಾಯಿ ಮಾಡೋಕೆ ಕಣ್ಣು ಬೇಕಾ? ಇಷ್ಟು ವರ್ಷ ನೀವು ಏನ್ ನೋಡ್ಕೊಂಡ್ ಮಾಡ್ತಿದ್ರಿ?”

ಖಾಲಿ ಗೋದಾಮಿನ ಅಂಗಳದಲ್ಲಿ ಸುತ್ತು ಹೊಡೆದೆವು. ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. “ಎರಡಕ್ಕೆ ಹಾಕಿ. ಕೇಳ್ತಿಲ್ವಾ, ಅಳ್ತಾ ಇದೆ.” ನಾನು ಏಕೆ ಅಳುತ್ತಿದೆ ಎಂದು ವಿವರಿಸತೊಡಗಿದೆ. “ಮಾತು ನಿಲ್ಲಿಸಿ.” ನಿಲ್ಲಿಸಲು ಆಗಲಿಲ್ಲ. ಗೇರು ಬದಲಿಸುವಾಗ ಮಾತಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. “ಗಾಡಿ ಏನೋ ಹೇಳ್ತಾ ಇರುತ್ತೆ, ನೀವು ಅದಕ್ಕೆ ಪಾಠ ಮಾಡ್ತಾ ಇರ್ತೀರಿ. ಇನ್ನೆಲ್ಲಿ ಸಿಗುತ್ತೆ ನಿಮ್ಮ ಬಿಂದು?”

ನಾನು ನಡುವೆ ನಡುವೆ ಆಕೆಯ ಕಡೆ ತಿರುಗಿ ನೋಡುತ್ತಿದ್ದೆ. ಕಣ್ಣು ತೆರೆಯದೆಯೇ, “ರಸ್ತೆ ನೋಡಿ,” ಎಂದಳು. ಹೇಗೆ ತಿಳಿಯಿತೋ.

ಏಪ್ರಿಲ್ 13, ಭಾನುವಾರ

ನರ್ಸರಿಯ ದಿಬ್ಬ. ಸರಿಯಾಗಿ ನಡುವೆ ಸಿಗ್ನಲ್ ಇಟ್ಟವನಿಗೆ ನನ್ನ ಮೇಲೆ ಏನು ದ್ವೇಷವೋ. ಕೆಂಪು ಬಿತ್ತು. ಕನ್ನಡಿಯ ತುಂಬ ಹಿಂದೆ ಒಂದು ಮರಳಿನ ಲಾರಿ. ಹ್ಯಾಂಡ್ ಬ್ರೇಕಿಗೆ ಕೈ ಹಾಕಿದೆ.

“ಮುಟ್ಟಬೇಡಿ,” ಎಂದಳು.

ನಾನು ಪ್ರಮೇಯವನ್ನು ಶುರು ಮಾಡುವಷ್ಟರಲ್ಲಿ ಆಕೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

“ಹೀಗೆ ನೋಡಿದ್ರೆ ನಿಮಗೆ ಮೂಗಿಲ್ಲ.”

“ಏನಿದೆ ಅಲ್ಲಿ?”

“ಏನೂ ಇಲ್ಲ. ಕಪ್ಪೂ ಅಲ್ಲ. ಒಂಥರಾ ಬೂದಿ ಬಣ್ಣ. ಸುತ್ತ ನೀವಿದ್ದೀರಿ. ಕಿವಿ ಇದೆ, ಕೂದ್ಲು ಇದೆ, ಅಂದ್ರೆ ಇದ್ದಷ್ಟು ಇದೆ. ನಡುವೆ ನೀವಿಲ್ಲ.”

ಗೆರೆಯಲ್ಲಿ ಒಂದೇ ಒಂದು ಬಿಂದು ಕಾಣೆಯಾಗಿದ್ದರೆ ನಾವು ಅದನ್ನು ತುಂಬಿಸಬಹುದಾದ ವಿಚ್ಛಿನ್ನತೆ ಎನ್ನುತ್ತೇವೆ. ಇದರ ಮೇಲೆ ಒಂದು ಅತ್ಯುತ್ತಮ ತಮಾಷೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಸುಸ್ತಾಗಿತ್ತೆಂದು ಕಾಣುತ್ತದೆ.

“ಹೆದರಿಕೆ ಆಗುತ್ತಾ?” ಎಂದು ಕೇಳಿದೆ. ಅದನ್ನು ಏಕೆ ಕೇಳಿದೆನೋ.

“ಈಗಲ್ಲ. ಕಂಬ ಗುದ್ದಿದ ದಿನ ಆಗಿತ್ತು. ಕಂಬ ಇತ್ತು, ಒಂದು ಕ್ಷಣ ಇರ್ಲಿಲ್ಲ, ಮತ್ತೆ ಇತ್ತು. ಇಳಿದು ನಿಮಗೆ ಹೇಳೋಣ ಅಂತಿದ್ದೆ.”

“ಹೇಳಬೇಕಿತ್ತು.”

“ನೀವು ಆಗ ಸಾಕ್ಷ್ಯ ಜೋಪಾನ ಮಾಡ್ತಾ ಇದ್ರಲ್ಲ.”

ಲಾರಿಯ ಎಂಜಿನ್ ಗುರುಗುಡುತ್ತಿತ್ತು. ನಮ್ಮ ಕಾರೂ ಸಣ್ಣದಾಗಿ ನಡುಗುತ್ತ ಏನೋ ಹೇಳುತ್ತಿತ್ತು. ನನ್ನ ಬಳಿ ಹೇಳಲು ಏನೂ ಇರಲಿಲ್ಲ.

“ಗಾಡಿ ನಿಂತಿದೆ, ನೋಡ್ಕೊಂಡ್ರಾ?” ಎಂದಳು ಸ್ವಲ್ಪ ಹೊತ್ತಿನ ಮೇಲೆ.

ನೋಡಿಕೊಂಡೆ. ಹ್ಯಾಂಡ್ ಬ್ರೇಕ್ ಕೆಳಗಿತ್ತು. ಬಲಗಾಲು ಬ್ರೇಕಿನ ಮೇಲಿರಲಿಲ್ಲ. ಕಾರು ದಿಬ್ಬದ ನಡುವೆ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ, ನಿಂತೇ ಇತ್ತು.

“ಯಾವಾಗಿಂದ?”

“ನೀವು ಬಾಯಿ ಮುಚ್ಚಿದಾಗಿಂದ.”

ಇದನ್ನು ಕೇಳಿದ ಸಂಭ್ರಮಕ್ಕೆ ಎಡಗಾಲು ಜಾರಿ ಎಂಜಿನ್ ಆಫ್ ಆಯಿತು. ಹಸಿರು ದೀಪ ಬಿತ್ತು. ಲಾರಿಯವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಪ್ರತಿಯೊಂದು ಮಾತೂ ಸಂಗೀತದ ಹಾಗೆ ಕೇಳಿಸಿತು.

ಏಪ್ರಿಲ್ 24, ಗುರುವಾರ

ಪಾಸು.

“ಸಿಕ್ತಾ?” ಎಂದು ಕೇಳಿದರು ಅದೇ ಪರೀಕ್ಷಾಧಿಕಾರಿ. ಸಿಕ್ಕಿತು ಎಂದೆ. ಎಲ್ಲಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ 30, ಬುಧವಾರ

ಭಾವಮೈದುನ ಖಾಲಿ ಸೂಟ್‌ಕೇಸುಗಳನ್ನು ತಂದಿದ್ದ. ಹೆಂಡತಿ ಅವುಗಳಲ್ಲಿ ಗುಲಾಬಿಯ ಸಸಿಗಳನ್ನು ಸಾಲಾಗಿ ಜೋಡಿಸಿ, “ನಿಮ್ಮ ಮನೆ ಅಂಗಳ ಬಣಗುಡ್ತಾ ಇದೆ, ನೆಟ್ಕೋ. ಎಲ್ಲ ಬೇರು ಬಿಟ್ಟಿವೆ,” ಎಂದು ವಾಪಸು ಕಳಿಸಿದಳು. “ಸ್ವಲ್ಪ ಮುಳ್ಳು ಚುಚ್ಚುತ್ತೆ, ಅಷ್ಟೇ,” ಎಂದು ಸೇರಿಸಿದಳು. ತಮ್ಮ ಈ ಸಲ ಹಲ್ಲು ತೋರಿಸಲಿಲ್ಲ.

ಮೇ 5, ಸೋಮವಾರ

ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲ ಪೂರ್ತಿ ದಿನ. ಬೆಳಿಗ್ಗೆ ಗೊಬ್ಬರ ಹೇರಿಕೊಂಡು ನರ್ಸರಿಗೆ, ಮಧ್ಯಾಹ್ನ ಆಸ್ಪತ್ರೆಗೆ, ಸಂಜೆ ಮನೆಗೆ. ಇಂಜೆಕ್ಷನ್‌ನಿಂದ ಎಡಗಣ್ಣು ಇನ್ನಷ್ಟು ಕೆಡುವುದು ನಿಂತಿದೆಯಂತೆ. ಹೋದದ್ದು ಬರುವುದಿಲ್ಲವಂತೆ. ಬಲಗಣ್ಣನ್ನು ಕಾಯುತ್ತ ಇರಬೇಕಂತೆ.

ಹತ್ತುತ್ತಲೇ ಆಕೆಯ ಕಾಲು ಪಕ್ಕದ ಸೀಟಿನ ಮ್ಯಾಟಿನ ಮೇಲೆ ಏನನ್ನೋ ತಡವಿತು. ಕುಳಿ ಸಿಕ್ಕಿತು. “ಅಯ್ಯೋ, ನನಗೇಂತ ಮೊದಲೇ ಮಾಡಿಟ್ಟಿದ್ದೀರಲ್ಲ!” ಎಂದಳು. ಅಲ್ಲಿಂದ ಮನೆ ತಲುಪುವ ತನಕ ಅದಕ್ಕೆ ಬಿಡುವು ಕೊಡಲಿಲ್ಲ. ಬಸ್ಸು ಕಂಡರೆ ಒತ್ತುತ್ತಾಳೆ. ಸೈಕಲ್ಲು ಕಂಡರೆ ಒತ್ತುತ್ತಾಳೆ. ಏನೂ ಕಾಣದಿದ್ದರೆ ಇನ್ನೂ ಜೋರಾಗಿ ಒತ್ತುತ್ತಾಳೆ.

ದಾರಿಯಲ್ಲಿ ಒಂದು ಪ್ರಶ್ನೆ ಕೇಳಿದಳು. “ಯಾವತ್ತಿಂದ ರೀ, ನೀವು ನನಗಿಂತ ಚೆನ್ನಾಗಿ ಓಡಿಸೋಕೆ ಶುರು ಮಾಡಿದ್ದು?”

ಪ್ರಶ್ನೆ ಶುದ್ಧ ಗಣಿತದ್ದು. ಆಕೆಯ ಗೆರೆ ಇಳಿಯುತ್ತ ಬಂತು, ನನ್ನದು ಏರುತ್ತ ಬಂತು. ಎರಡೂ ಅವಿಚ್ಛಿನ್ನವಾದರೆ, ನಾವಿಬ್ಬರೂ ಸರಿಸಮವಾಗಿದ್ದ ಒಂದು ದಿನ ಇದ್ದೇ ಇರಬೇಕು. ಉತ್ತರ ಬಾಯಲ್ಲೇ ಇತ್ತು.

“ಇನ್ನೂ ಶುರುವಾಗಿಲ್ಲ,” ಎಂದೆ.

“ಸುಳ್ಳು ಹೇಳೋದನ್ನ ಯಾವತ್ತು ಕಲಿತ್ರಿ?”

ಅದಕ್ಕೆ ಉತ್ತರ ಹುಡುಕುತ್ತಲೇ ಗೇಟಿನ ಒಳಗೆ ತಿರುಗಿಸಿದೆ. “ಬ್ರೇಕ್! ಬ್ರೇಕ್ ರೀ!” ಎಂದು ಆಕೆ ಕುಳಿಯನ್ನು ಒತ್ತಿದಳು, ನಾನು ಪೆಡಲನ್ನು ಒತ್ತಿದೆ. ಅಷ್ಟರಲ್ಲಿ ಕಂಬ ಬಂದು ಕಾರಿಗೆ ಗುದ್ದಿತು.

ಇಬ್ಬರೂ ಇಳಿದೆವು. ಆಕೆ ಬಾಗಿ, ಕಂಬದ ಮೇಲೆ ಬೆರಳಾಡಿಸಿದಳು. ಹಸಿರು ಬಣ್ಣದ ಹಳೆಯ ಗೀರು, ಅದರ ಮೇಲೇ ಹೊಸದು.

“ಇದರಲ್ಲಿ ನಂದು ಯಾವುದು, ನಿಮ್ಮದು ಯಾವುದು?”

ನಾನೂ ಬಾಗಿ ನೋಡಿದೆ. ಒಂದೇ ಎತ್ತರ, ಒಂದೇ ಬಣ್ಣ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ.

“ಗೊತ್ತಾಗ್ತಾ ಇಲ್ಲ,” ಎಂದೆ.

ನಾಳೆ ಗಾರೆಯವನನ್ನು ಕರೆಸಬೇಕು. ಆ ಕಂಬ ಇರುವ ಜಾಗವೇ ಸರಿಯಿಲ್ಲ. ಆಕೆ ಮೊದಲೇ ಹೇಳಿದ್ದಳು.